ಬೆಚ್ಚಗಾದ ಕೋಣೆ, ತಣ್ಣಗಾದ ಗೋಡೆ



ಬರ್ಲಿನ್ ನಗರದ ಹಳೆಯ ಬೀದಿಗಳಲ್ಲಿ, 1870ರ ದಶಕದಿಂದ ಮೊದಲ ಮಹಾಯುದ್ಧದವರೆಗೆ ಕಟ್ಟಿದ ವಸತಿಗೃಹಗಳು ಇಂದಿಗೂ ಸಾಲುಸಾಲಾಗಿ ನಿಂತಿವೆ. ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಗೋಡೆಯೊಳಗೆ ತುದಿ ಹುದುಗಿಸಿದ ಮರದ ತೊಲೆಗಳು. ಗೋಡೆ ಮಳೆಯ ಇರಚಲನ್ನು ಹೀರುತ್ತಿತ್ತು. ಕಲ್ಲಿದ್ದಲಿನ ಒಲೆಯ ಕಾವು ಅದನ್ನು ಒಳಗಿನಿಂದ ಒಣಗಿಸುತ್ತಿತ್ತು. ಸುಮ್ಮನೆ ಸೋರಿಹೋಗುತ್ತಿದೆ ಎಂದು ಮುಂದಿನವರು ಲೆಕ್ಕ ಹಾಕಿದ ಆ ಕಾವು, ನನ್ನ ದೃಷ್ಟಿಯಲ್ಲಿ, ಆ ಮನೆಗಳ ನಿಜವಾದ ಕಾವಲುಗಾರ.

1973ರಲ್ಲಿ ತೈಲ ಬಿಕ್ಕಟ್ಟು ಬಂತು. 1977ರಲ್ಲಿ ಪಶ್ಚಿಮ ಜರ್ಮನಿ ಕಟ್ಟಡಗಳ ಶಾಖ ಉಳಿಸುವ ಮೊದಲ ನಿಯಮಾವಳಿ ತಂದಿತು. ಆದರೆ ಇಂಥ ಹಳೆಯ ಮನೆಗಳ ಹೊರಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿದರೆ ಮುಂಭಾಗದ ಗಾರೆ ಕೆತ್ತನೆಯೆಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಪಾರಂಪರಿಕ ಕಟ್ಟಡಗಳಿಗೆ ಉಳಿದದ್ದು ಒಳಮೈ ಒಂದೇ. ಥರ್ಮಾಕೋಲ್ ಹಲಗೆ, ಗಾಜಿನ ಉಣ್ಣೆ ಒಳಗಿನಿಂದ ಗೋಡೆಗೆ ಬಂದವು.

ಕೋಣೆ ಬೆಚ್ಚಗಾಯಿತು, ಹಲಗೆಯ ಹಿಂದಿನ ಇಟ್ಟಿಗೆ ತಣ್ಣಗಾಯಿತು. ತೊಂದರೆ ಇರುವುದೇ ಇಲ್ಲಿ. 20 ಡಿಗ್ರಿ ಉಷ್ಣತೆ, ಶೇ. 50 ಆರ್ದ್ರತೆಯ ಕೋಣೆಯ ಗಾಳಿ ಸುಮಾರು 9 ಡಿಗ್ರಿಗೆ ಇಳಿದರೆ ಅದರಲ್ಲಿನ ಆವಿ ನೀರಾಗುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ಚೊಂಬು ಬೆವರುವಂತೆ, ಹಲಗೆಯ ಸಂದಿಯಲ್ಲಿ ನುಸುಳಿದ ಗಾಳಿ ಚಳಿಗಾಲದ ಇಟ್ಟಿಗೆಯ ಮೇಲೆ ನೀರು ಬಿಡುತ್ತದೆ. ಕಣ್ಣಿಗೆ ಕಾಣದ ಆ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ.

ಇದು ಎಂಜಿನಿಯರುಗಳಿಗೆ ತಿಳಿಯದ್ದೇನಲ್ಲ. 1958ರಲ್ಲೇ ಹೆಲ್ಮುಟ್ ಗ್ಲೇಸರ್ ಪದರಪದರದ ಗೋಡೆಯಲ್ಲಿ ಆವಿ ಎಲ್ಲಿ ನೀರಾಗುತ್ತದೆ ಎಂದು ಕಂಡುಕೊಳ್ಳುವ ಸರಳ ಲೆಕ್ಕವನ್ನು ಶೈತ್ಯ ತಂತ್ರಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಅದರ ಪ್ರಕಾರ ಪರಿಹಾರ ಸುಲಭ: ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು ಆವಿಯನ್ನು ತಡೆಯಿರಿ. ಆದರೆ ಆ ಲೆಕ್ಕದಲ್ಲಿ ಮಳೆ ಇರಲಿಲ್ಲ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೀರನ್ನು ಎಳೆದುಕೊಳ್ಳುವುದೂ ಇರಲಿಲ್ಲ. ಹೊರಗಿನಿಂದ ನೆನೆದ ಗೋಡೆಗೆ ಅದೇ ಹಾಳೆ ಒಳಮುಖವಾಗಿ ಒಣಗುವ ದಾರಿಯನ್ನೂ ಮುಚ್ಚಿತು. ತೊಲೆಯ ತುದಿಗಳು ಲಡ್ಡು ಹಿಡಿಯುವ ಅಪಾಯ ಬಂತು. ಕಾವು ತಪ್ಪಿದ ಇಟ್ಟಿಗೆಯಲ್ಲಿ ನೀರು ಹೆಪ್ಪುಗಟ್ಟಿದರೆ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ, ಇಟ್ಟಿಗೆಯ ಮುಖ ಸಿಪ್ಪೆಯೇಳುತ್ತದೆ.

1990ರ ದಶಕದಲ್ಲಿ ನೋಟ ಬದಲಾಯಿತು. ಜರ್ಮನಿಯ ಹೋಲ್ಜ್‌ಕಿರ್ಹೆನ್‌ನ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯಲ್ಲಿ ಹಾರ್ಟ್‌ವಿಗ್ ಕ್ಯೂನ್ಜೆಲ್ ಮಳೆ, ಬಿಸಿಲು, ಆವಿ, ಹೀರುವಿಕೆ ಎಲ್ಲವನ್ನೂ ಗಂಟೆಗಂಟೆಗೆ ಲೆಕ್ಕಹಾಕುವ ವಿಧಾನವನ್ನು ಕಂಪ್ಯೂಟರಿಗೆ ತಂದರು. 2007ರಲ್ಲಿ ಇಂಥ ಲೆಕ್ಕಕ್ಕೆ ಯುರೋಪಿನ ಮಾನದಂಡವೂ ಬಂತು. ಆವಿಯನ್ನು ತಡೆಯುವ ಬದಲು ನೀರನ್ನು ಹೀರಿ ಕೋಣೆಯ ಕಡೆಗೇ ಬಿಟ್ಟುಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆಗಳೂ ಬಳಕೆಗೆ ಬಂದವು. ಒಳ್ಳೆಯ ವಸ್ತುವೇ, ಆದರೆ ಇರಚಲು ಹೊಡೆಯುವ ಗೋಡೆಯನ್ನು ಅದೊಂದೇ ಕಾಪಾಡಲಾರದು.

ಹಾಗಾಗಿ ಹಲಗೆ ತರುವ ಮೊದಲು ಗೋಡೆಯಂಚಿನ ನೆಲಹಾಸು ಕಿತ್ತು ತೊಲೆಯ ತುದಿ ನೋಡಬೇಕು. ಮಳೆನೀರಿನ ದೋಣಿ, ಇಟ್ಟಿಗೆ ಸಂದಿನ ಗಾರೆ ಸರಿಪಡಿಸಬೇಕು. ಅಷ್ಟಾದರೂ ಗೋಡೆ ಒಣಗದಿದ್ದರೆ ಅದನ್ನು ಹಾಗೆಯೇ ಬಿಟ್ಟು, ಆ ಹಣವನ್ನು ಅಟ್ಟಕ್ಕೂ ಕಿಟಕಿಗೂ ಹಾಕುವುದು ಮೇಲು.