ಅಂಗಳದ ಗುಲಾಬಿ



ಫಾರ್ಸಿಯಲ್ಲಿ ‘ಗುಲ್’ ಎಂದರೆ ಹೂವು, ‘ಆಬ್’ ಎಂದರೆ ನೀರು. ಪನ್ನೀರಿಗಿದ್ದ ‘ಗುಲಾಬ್’ ಎಂಬ ಹೆಸರು ಉರ್ದುವಿನಲ್ಲಿ ಹೂವಿನ ಹೆಸರಾಯಿತು. ಕನ್ನಡದಲ್ಲಿ ಗುಲಾಬಿಯಾಗಿ ಎಲ್ಲರ ಅಂಗಳಕ್ಕೂ ಬಂತು. ಹೂವಿಗೆ ಭಾಷೆಯ ಬೇಲಿಯಿಲ್ಲ.

ನಮ್ಮ ಶಿರೂರಿನಲ್ಲಿ ಬೇಸಿಗೆ ಕಠಿಣ. ಆದರೂ ಹಳೆಯ ಎಣ್ಣೆ ಡಬ್ಬಿಯೊಂದರಲ್ಲಿ ಗುಲಾಬಿ ನೆಟ್ಟು, ದಿನವೂ ಅಕ್ಕಿ ತೊಳೆದ ನೀರು ಹಾಕಿದೆ. ಎಲೆಗಳು ಹಳದಿಯಾಗಿ ಉದುರಿದವು. ತರಗತಿಯಲ್ಲಿ ಈ ಮಾತು ಬಂದಾಗ, ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದು, “ಸರ್, ಡಬ್ಬಿ ಕೆಳಗ ತೂತು ಹಾಕೀರೇನ್ರಿ?” ಎಂದಳು. ಹಾಕಿರಲಿಲ್ಲ! ನೀರು ನಿಂತು ಬೇರು ಕೊಳೆತಿತ್ತು. ಬಿ.ಎಡ್. ಓದಿದ ನನಗೆ ಅಂದು ಆಕೆಯೇ ಶಿಕ್ಷಕಿ. ಮತ್ತೆ ನೆಟ್ಟ ಗಿಡದ ಮೊದಲ ಹೂವನ್ನು ಅವಳ ಕೈಗೇ ಕೊಟ್ಟೆ.

ಒಂದು ಗಿಡ ಬೆಳೆಸಿದವರಿಗೆ ಉದ್ಯಾನದ ಹಿಂದಿನ ದುಡಿಮೆ ಕಾಣುತ್ತದೆ. ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರಲಿ ಆರಂಭಿಸಿದರು. ಟಿಪ್ಪು ಸುಲ್ತಾನರು ದೂರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದರು. ಜನವರಿ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಫಲಪುಷ್ಪ ಪ್ರದರ್ಶನ ನೋಡಿ. ಅಷ್ಟು ದೂರ ಆಗದಿದ್ದರೆ ಆಲಮಟ್ಟಿಯ ಉದ್ಯಾನಗಳಿಗೆ ಹೋಗಿ ಬನ್ನಿ.

ನಮ್ಮ ಬಾಗಲಕೋಟೆಯಲ್ಲೇ 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಹೂ ಬೆಳೆಯುವ ವಿದ್ಯೆಯನ್ನು ಪದವಿಯಾಗಿಯೇ ಓದಬಹುದು. ಹಿರಿಯರೇ, ಆ ಹುಡುಗಿಯಂಥವರ ಓದನ್ನು ಹತ್ತನೆಯ ತರಗತಿಗೇ ನಿಲ್ಲಿಸಬೇಡಿ. ವಿದ್ಯಾರ್ಥಿಗಳೇ, ಇಂದೇ ಒಂದು ಡಬ್ಬಿ ಹುಡುಕಿ ಗಿಡ ನೆಡಿ. ಮೊದಲು ಕೆಳಗೆ ತೂತು ಹಾಕಲು ಮರೆಯದಿರಿ.