ಕಮಾನಿನ ಕೆಳಗಿನ ಮಣ್ಣು



ಹಸಿರಿನ ನಡುವೆಯೇ ಬೆಳೆದ ಮಲೆನಾಡಿಗರಿಗೆ ಮರುಭೂಮಿಯೆಂದರೆ ಬರಡು ನೆಲ. ಅಲ್ಲಿ ಕಾಪಾಡಬೇಕಾದುದೇನಿದೆ ಎಂಬ ಪ್ರಶ್ನೆ ಸಹಜ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಇದಕ್ಕೆ ಉತ್ತರವಿದೆ. 1971ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶದಲ್ಲಿ 2,000ಕ್ಕೂ ಹೆಚ್ಚು ಸಹಜ ಶಿಲಾ ಕಮಾನುಗಳಿವೆ.

ಇವುಗಳ ಹುಟ್ಟಿಗೆ ಮೂಲ ನೆಲದಡಿಯ ಉಪ್ಪು. ಪ್ರಾಚೀನ ಸಮುದ್ರದ ನೀರು ಆವಿಯಾಗಿ ಉಳಿದ ಉಪ್ಪಿನ ಪದರವು ಮೇಲಿನ ಶಿಲೆಗಳ ಭಾರಕ್ಕೆ ಜರುಗಿ ಉಬ್ಬಿತು. ಮೇಲಿದ್ದ ಮರಳುಶಿಲೆ ಸಾಲುಸಾಲಾಗಿ ಬಿರಿಯಿತು. ಬಿರುಕಿಗಿಳಿದ ಮಳೆನೀರು ಮರಳಿನ ಕಣಗಳನ್ನು ಬೆಸೆದಿದ್ದ ಸುಣ್ಣದಂಶವನ್ನು ಕರಗಿಸಿತು; ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಹಿಗ್ಗಿ, ಕಲ್ಲನ್ನು ಸೀಳಿತು. ಉಳಿದ ತೆಳುಗೋಡೆಗಳಲ್ಲಿ ಕಿಂಡಿ ಮೂಡಿ ಕಮಾನುಗಳಾದವು. ಅವುಗಳನ್ನು ಕೆಡಹುವುದೂ ಇದೇ ಸವೆತ. ಸುಮಾರು 93 ಮೀಟರ್ ಹರವಿನ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ 18 ಮೀಟರ್ ಉದ್ದದ ಚಪ್ಪಡಿಯೊಂದು ಕಳಚಿ ಬಿದ್ದಿತು. 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ಕುಸಿಯಿತು. ಇದು ಪ್ರಕೃತಿಯ ಕ್ರಮ. ಇದನ್ನು ತಡೆಯುವುದು ಯಾರಿಂದಲೂ ಆಗದು.

ತಡೆಯಬಹುದಾದ ನಾಶ ಬೇರೆಯೇ ಇದೆ. ಕಮಾನಿನತ್ತ ಮುಖವೆತ್ತಿ ನಡೆಯುವ ಚಾರಣಿಗನ ಕಾಲಬದಿಯಲ್ಲಿ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಮಣ್ಣು ಜೀವಂತವಾದುದು. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ನೇಯ್ದ ಹೊದಿಕೆ ಅದು. ಸಯನೋಬ್ಯಾಕ್ಟೀರಿಯಾದ ಅಂಟು ಎಳೆಗಳು ಮರಳನ್ನು ಗಾಳಿಗೆ ಹಾರದಂತೆ ಹಿಡಿದಿಡುತ್ತವೆ. ಮಳೆ ಅಪರೂಪವಾದ ಆ ನೆಲದಲ್ಲಿ ಈ ಹೊದಿಕೆ ತೇವವನ್ನು ಉಳಿಸುತ್ತದೆ. ಗಾಳಿಯ ಸಾರಜನಕವನ್ನು ಗಿಡಗಳಿಗೆ ದಕ್ಕುವಂತೆ ಮಾಡುತ್ತದೆ. ಒಣಗಿದಾಗ ಒಂದೇ ತುಳಿತಕ್ಕೆ ಅದು ಪುಡಿಯಾಗುತ್ತದೆ. ಮರಳಿ ಬೆಳೆಯಲು ದಶಕಗಳೇ ಬೇಕು.

2021ರಲ್ಲಿ ಈ ಉದ್ಯಾನಕ್ಕೆ 18 ಲಕ್ಷಕ್ಕೂ ಹೆಚ್ಚು ಭೇಟಿಗಳು ನಡೆದವು. ಚಿತ್ರ ತೆಗೆಯಲೆಂದು ದಾರಿ ಬಿಟ್ಟು ಹತ್ತು ಹೆಜ್ಜೆ ಹೋದವನ ಜಾಡನ್ನೇ ದಾರಿಯೆಂದು ತಿಳಿದು ಹಿಂದಿನವರೂ ನಡೆಯುತ್ತಾರೆ. ಆದುದರಿಂದಲೇ ಅಲ್ಲಿ ಗುರುತು ಮಾಡಿದ ದಾರಿಯಲ್ಲಿ, ಬೋಳುಬಂಡೆಯ ಮೇಲೆ ಅಥವಾ ಒಣಹಳ್ಳದ ಮರಳಿನಲ್ಲಿ ಮಾತ್ರ ನಡೆಯಬೇಕೆಂಬ ನಿಯಮವಿದೆ. ಡೆಲಿಕೇಟ್ ಆರ್ಚ್‌ಗೆ ಏರುವ ಬಂಡೆಯ ಮೇಲೆ ಕಲ್ಲುಗುಪ್ಪೆಗಳೇ ದಾರಿ ತೋರಿಸುತ್ತವೆ. ಅವುಗಳನ್ನು ಕೆಡಿಸಬಾರದು, ಹೊಸದನ್ನು ಪೇರಿಸಲೂಬಾರದು.

ಗೆಳೆಯರೇ, ಬಂಡೆಯ ದೃಢತೆಯನ್ನು ಮೆಚ್ಚಿ ಬರುವ ಚಾರಣಿಗನು ಬಂಡೆಯ ಮೇಲೆಯೇ ನಡೆದರೆ ಹಾನಿ ಅತ್ಯಲ್ಪ. ಅವನು ಮಣ್ಣಿಗಿಳಿಯುವ ಮುನ್ನ ಒಮ್ಮೆ ನೆಲ ನೋಡಬೇಕು. ಆ ಮರುಭೂಮಿ ಅವನಿಂದ ಬೇಡುವುದು ಅಷ್ಟನ್ನೇ.