ಪ್ರಸಾದವೂ ಮಧುಮೇಹವೂ



ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದನ್ನು ಒಲ್ಲೆನೆನ್ನುವದಾಗಲಿ ಎಡೆಯಲ್ಲಿ ಉಳಿಸಿ ಏಳುವದಾಗಲಿ ಭಕ್ತನಿಗೆ ಸಲ್ಲದೆಂಬದು ಎಲ್ಲರೂ ಬಲ್ಲ ಮಾತು. ಆದರೆ ದಾಸೋಹದ ಪಂಕ್ತಿಯಲ್ಲಿ ಕುಳಿತ ಮಧುಮೇಹಿಯ ಮುಂದೆ ಪಾಯಸದ ಸೌಟು ಬಂದಾಗ ಅವನು ಪಡುವ ಸಂಕಟವನ್ನು ಬಲ್ಲವರು ವಿರಳ. ಉಂಡರೆ ದೇಹಕ್ಕೆ ಕೇಡು, ಬಿಟ್ಟರೆ ಮನಸ್ಸಿಗೆ ಅಳುಕು.

ಈ ವ್ಯಾಧಿಯು ಹೊಸದಲ್ಲ. ಚರಕ ಸುಶ್ರುತರ ಸಂಹಿತೆಗಳಲ್ಲಿಯೇ ಇದರ ವರ್ಣನೆಯುಂಟು. ಆದರೆ ಎಳೆವಯಸ್ಸಿನಲ್ಲಿ ಇದಕ್ಕೆ ತುತ್ತಾದವರು ಬಹುಕಾಲ ಬದುಕುವ ಮಾರ್ಗವು ಹಿಂದೆ ಇರಲಿಲ್ಲ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ತೆಗೆದರು; 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನು ಅದರಿಂದ ಚೇತರಿಸಿಕೊಂಡನು. ಅಂದಿನಿಂದ ಇದು, ಎಚ್ಚರವಿದ್ದರೆ, ಜೊತೆಯಲ್ಲಿರಿಸಿಕೊಂಡು ಬಾಳಬಹುದಾದ ರೋಗವಾಯಿತು.

ಮೆಲ್ಕಾರಿನಂಥ ಕವಲುದಾರಿಯ ಊರಿನವರಿಗೆ ವೈದ್ಯರ ಕೊರತೆಯಿಲ್ಲ. ಮುಡಿಪು, ಕೊಣಾಜೆಗಳ ಮೇಲೆ ಹಾದು ಹೋದರೆ ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳೇ ಇರುವವು. ಆದರೆ ವೈದ್ಯನು ರೋಗಿಯನ್ನು ನೋಡುವದು ಕೆಲವೇ ನಿಮಿಷ. ಉಳಿದ ದಿನಗಳನ್ನು ರೋಗಿಯೇ ಸಾಗಿಸಬೇಕು. ಆ ಸೀಮೆಯಲ್ಲಿ ಕುಚ್ಚಲಕ್ಕಿಯ ಗಂಜಿಯನ್ನು ಎಷ್ಟು ಉಂಡರೂ ಬಾಧೆಯಿಲ್ಲವೆಂದು ನಂಬುವವರುಂಟು. ಬಯಲುಸೀಮೆಯವರಿಗೆ ರಾಗಿಯ ಮೇಲೆ ಅದೇ ನಂಬಿಗೆ. ಬೆಳ್ತಿಗೆಗಿಂತ ಕುಚ್ಚಲಕ್ಕಿಯು ಲೇಸಾದರೂ ಅದೂ ಅಕ್ಕಿಯೇ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯವಿದ್ದು ವೈದ್ಯನನ್ನು ಮೆಚ್ಚಿಸುವ ಜಾಣರೂ ಇಲ್ಲದಿಲ್ಲ! ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯು ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕವನ್ನು ಹೇಳಿಬಿಡುವದರಿಂದ ಆ ಜಾಣತನವು ಅಲ್ಲಿ ನಡೆಯದು.

ಪ್ರಸಾದಕ್ಕೆ ಅಳತೆಯಿಲ್ಲ. ಒಂದು ಅಗುಳೂ ಪೂರ್ಣ ಪ್ರಸಾದವೇ. ಆದುದರಿಂದ ಮಧುಮೇಹಿಯು ಬೆರಳ ತುದಿಯಷ್ಟು ಪಾಯಸವನ್ನು ಭಕ್ತಿಯಿಂದ ಸ್ವೀಕರಿಸಿ, ಬಡಿಸುವ ಮೊದಲೇ ಕೈ ಅಡ್ಡ ಹಿಡಿದರೆ ಪ್ರಸಾದವನ್ನು ಬಿಟ್ಟಂತೆಯೂ ಆಗದು, ಚೆಲ್ಲಿದಂತೆಯೂ ಆಗದು. ತಪ್ಪು ಹೆಚ್ಚಾಗಿ ಬಡಿಸುವವರದು. ‘ಇನ್ನಷ್ಟು, ಇನ್ನಷ್ಟು’ ಎಂದು ಸುರಿಯುವದನ್ನೇ ಅವರು ದಾಸೋಹವೆಂದು ಭಾವಿಸಿರುವರು.

ಶಿವರಾತ್ರಿಯ ಉಪವಾಸದಲ್ಲಿ ಅಪಾಯವು ಬೇರೆ ಬಗೆಯದು. ಇನ್ಸುಲಿನ್ನನ್ನಾಗಲಿ ಕೆಲವು ಗುಳಿಗೆಗಳನ್ನಾಗಲಿ ಎಂದಿನಂತೆ ತೆಗೆದುಕೊಂಡು ಅನ್ನವನ್ನು ಬಿಟ್ಟರೆ ರಕ್ತದ ಸಕ್ಕರೆಯು ತಟ್ಟನೆ ಕುಸಿಯಬಹುದು. ಬೆವರು, ನಡುಕ, ಎದೆಬಡಿತ, ತೊದಲುಮಾತು ಇವೇ ಅದರ ಗುರುತುಗಳು. ಆಗ ವ್ರತಭಂಗವಾಯಿತೆಂದು ಅಂಜದೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು; ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸಕ್ಕೆ ಮೊದಲು ಔಷಧದ ಪ್ರಮಾಣವನ್ನು ವೈದ್ಯನಲ್ಲಿ ಕೇಳಿಕೊಳ್ಳುವದು ಅವಶ್ಯ.

ಇನ್ನು ಪಾದದ ವಿಷಯ. ಬಹುಕಾಲದ ಮಧುಮೇಹದಿಂದ ನರಗಳು ಜಡವಾಗಿ ಅಂಗಾಲಿಗೆ ನೋವು ತಿಳಿಯದಾಗುವದು. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಲ್ಲಿ ಇಂಥವರು ಬರಿಗಾಲಿನಲ್ಲಿ ಕಾದ ಡಾಂಬರನ್ನು ತುಳಿದರೆ ಬೊಕ್ಕೆ ಎದ್ದದ್ದೂ ಅರಿವಾಗದು. ಅರಿಯದ ಗಾಯವು ಕೊಳೆತು ಕಾಲನ್ನೇ ಕಡಿಯಬೇಕಾಗಿ ಬಂದ ಉದಾಹರಣೆಗಳು ಆಸ್ಪತ್ರೆಗಳಲ್ಲಿ ಹೇರಳ. ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟಿ ನಡೆದವನ ಯಾತ್ರೆಗೆ ಕುಂದಿಲ್ಲ. ಲಿಂಗಪೂಜೆಗೆ ಮೊದಲು ಸ್ನಾನಮಾಡುವಾಗ ದಿನವೂ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬಗ್ಗಲಾರದ ವೃದ್ಧರು ಕನ್ನಡಿಯನ್ನು ನೆಲದ ಮೇಲಿರಿಸಿ ನೋಡಬಹುದು; ಕಣ್ಣೂ ಮಂದವಾಗಿದ್ದರೆ ಮನೆಯ ಮಕ್ಕಳು ನೋಡಿ ಹೇಳಲಿ.